ಮಕ್ಕಳ ವಾರ್ಡಿನ ಅಂಗಳ ಕಾಯುವ ಶಹರಬಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿತ್ತಾಪುರದ ಹೊರಗಿರುವ ಮಕ್ಕಳ ಆಸ್ಪತ್ರೆಯ ನಡು ಅಂಗಳದಲ್ಲಿ ಶಹರಬಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬ್ಯಾಟರಿ ಹಿಡಿದು ಬಗ್ಗಿ ನಿಂತಿದ್ದಾರೆ. ಕಾಲಿಗೆ ಗಂಬೂಟು, ಸೀರೆಯ ಸೆರಗು ಸೊಂಟಕ್ಕೆ ಬಿಗಿದಿದೆ. ದಾಸವಾಳದ ಬುಡಕ್ಕೆ ಕೋಲು ತಟ್ಟುತ್ತಾರೆ, ಸುಮ್ಮನೆ ನಿಂತು ಕಿವಿಗೊಡುತ್ತಾರೆ, ಮುಂದಿನ ಗಿಡಕ್ಕೆ ಹೋಗುತ್ತಾರೆ. ಒಣಗಿದ ಎಲೆಯೊಂದು ಸರಕ್ಕೆಂದರೂ ಸಾಕು, ಅವರ ಹೆಗಲು ಸೆಟೆದುಕೊಳ್ಳುತ್ತದೆ.

ಅಂಗಳವನ್ನೆಲ್ಲ ನೋಡಿ ಮುಗಿಸಿದ ಮೇಲೆ ಅವರು ವಾರ್ಡಿನ ಕಿಟಕಿ ಬಡಿಯುತ್ತಾರೆ. "ಆಯ್ತ್ರಿ ಸಿಸ್ಟರ್, ಈಗ ತೆರೀರಿ." ಒಳಗಿನಿಂದ ಕಿಟಕಿಗಳ ಮರದ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮಲಗಿದ್ದ ಮಕ್ಕಳ ಮುಖದ ಮೇಲೆ ಹಸಿರು ಬೆಳಕು ಬೀಳುತ್ತದೆ.

"ದಿನಾ ಅಂಜಿಕಿ ಆಗ್ತದ್ರಿ," ಎನ್ನುತ್ತಾರೆ ಶಹರಬಾನು, ಹಣೆಯ ಬೆವರು ಒರೆಸಿಕೊಳ್ಳುತ್ತ. "ಇಷ್ಟು ದಿನ ಆಯ್ತು, ರೂಢಿ ಆಗಿರಬೇಕಲ್ಲಾ ಅಂತಾರ ಎಲ್ಲಾರು. ಆಗಿಲ್ರಿ."

ಈ ಆಸ್ಪತ್ರೆ ಆಸ್ಪತ್ರೆಯಂತೆ ಕಾಣುವುದಿಲ್ಲ. ಕಲಬುರಗಿಯ ವಾಸ್ತುಶಿಲ್ಪಿ ಸಂಗಮೇಶ್ವರ ಇದನ್ನು ಗಿಡಮರಗಳ ಸುತ್ತ ಕಟ್ಟಿದ್ದಾರೆ. ನಡುವೆ ತೆರೆದ ಅಂಗಳ, ಅದರ ಸುತ್ತ ವಾರ್ಡುಗಳು. ಕಂಬಗಳು ಬೇವಿನ ಬೊಡ್ಡೆಯಂತೆ ಮೇಲೆ ಹೋಗಿ ಕವಲೊಡೆಯುತ್ತವೆ. ಗೋಡೆಗಳಿಗೆ ಮಣ್ಣಿನ ಬಣ್ಣ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನಲ್ಲಿ ನೀಲಿ ಛಾಯೆಯದನ್ನೇ ಆರಿಸಿ ಕಾಗಿಣಾ ನದಿ ಹರಿದಂತೆ ಅಂಕುಡೊಂಕಾಗಿ ಜೋಡಿಸಿದ್ದಾರೆ. ಇಂಜೆಕ್ಷನ್ ಕೋಣೆಗೆ ಹೋಗಬೇಕಾದ ಮಗು ಹೊಳೆ ದಾಟುತ್ತ ಹೋಗುತ್ತದೆ, ಅಳುವುದನ್ನು ಅರ್ಧ ದಾರಿಯಲ್ಲೇ ಮರೆಯುತ್ತದೆ. ಕಿಟಕಿಗಳಂತೂ ಮಂಚದ ಎತ್ತರಕ್ಕೇ ಇವೆ. ಮಲಗಿದ ಮಗುವಿಗೂ ಗಿಡ ಕಾಣಬೇಕು, ಕಿಟಕಿಯ ಅಗಲವಾದ ಕಲ್ಲುಕಟ್ಟೆಯ ಮೇಲೆ ಕೈ ಚಾಚಿದರೆ ಎಲೆ ಸಿಗಬೇಕು ಎಂಬುದು ಸಂಗಮೇಶ್ವರ ಅವರ ಆಸೆಯಾಗಿತ್ತು.

ಆ ಎಲೆಗಳನ್ನು ಬೆಳೆಸಿದವರು ಶಹರಬಾನು. ಗಂಡ ಅಬ್ದುಲ್ ಮಜೀದ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಗಾರ. ಕಟ್ಟಡ ಏಳುವಾಗ ಅವರ ಜೊತೆ ಮಣ್ಣು ಹೊರಲು ಬಂದ ಶಹರಬಾನು ಗಿಡ ನೆಡುವ ಕೆಲಸಕ್ಕೆ ನಿಂತರು, ಅಲ್ಲಿಯೇ ಉಳಿದರು.

ಆದರೆ ಅವರಿಗೆ ಗಿಡದ ಸಂದಿಗೆ ಕೈ ಹಾಕುವುದೆಂದರೆ ಚಿಕ್ಕಂದಿನಿಂದ ಭಯ. ಅವರು ಹುಟ್ಟಿ ಬೆಳೆದದ್ದು ಶಹಾಬಾದಿನ ಕಲ್ಲಿನ ಗಣಿಗಳ ಪಕ್ಕ. ಅಪ್ಪ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಒಂದರ ಮೇಲೊಂದು ಪೇರಿಸಿಟ್ಟ ಹಾಸುಗಲ್ಲುಗಳ ನಡುವೆ ಮಕ್ಕಳು ಆಡುತ್ತಿದ್ದರು. ಅಲ್ಲಿಯೇ ತಮ್ಮ ತೌಸೀಫ್‌ನಿಗೆ ಹಾವು ಕಚ್ಚಿತು. ಎತ್ತಿಕೊಂಡು ಓಡಿದ ಆಸ್ಪತ್ರೆಯ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಸಿರು ಎಣ್ಣೆಬಣ್ಣದ ಗೋಡೆ, ಫಿನಾಯಿಲ್ ವಾಸನೆ, ಮಿಣುಮಿಣುಕುವ ಟ್ಯೂಬ್‌ಲೈಟು.

"ಅವಗ ಹಾವಿನ ಅಂಜಿಕಿ ಇರ್ಲಿಲ್ರಿ, ಆ ಕೋಣಿ ಅಂಜಿಕಿ ಇತ್ತು," ಎಂದು ಶಹರಬಾನು ನಿಧಾನವಾಗಿ ಹೇಳುತ್ತಾರೆ. "ನನ್ನ ಕೈ ಬಿಡ್ಲಿಲ್ಲ. ‘ಆಪಾ, ಇಲ್ಲಿ ಬ್ಯಾಡ, ಮನಿಗೆ ಹೋಗಮಿ’ ಅಂತಿದ್ದ. ಅನ್ಕೋತನೇ ಕಣ್ಣು ಮುಚ್ಚಿದ."

ಹೋದ ಮಳೆಗಾಲದ ಒಂದು ಮುಂಜಾವು ಹಾವಿನ ಭಯ, ಆಸ್ಪತ್ರೆಯ ಮಂಚದ ಮೇಲೆ ಮಗುವನ್ನು ಕಳೆದುಕೊಳ್ಳುವ ಭಯ, ಅವರ ಎರಡೂ ಭಯಗಳು ಒಂದೇ ಕಿಟಕಿಯಲ್ಲಿ ಬಂದು ಕೂತವು.

ಜಿಟಿಜಿಟಿ ಮಳೆ ಹಿಡಿದಿತ್ತು. ಚಿಂಚೋಳಿ ಕಡೆಯ ಅಲ್ಮಾಸ್ ಎಂಬ ಆರು ವರ್ಷದ ಹುಡುಗಿ ಕಾಲು ಮುರಿದುಕೊಂಡು, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ತಾಯಿ ಚಹಾ ತರಲು ಹೋಗಿದ್ದಳು. ಮಣ್ಣು ಹೊರುವ ಕಬ್ಬಿಣದ ಘಮೇಲಾ ಹಿಡಿದು ಕಿಟಕಿಯ ಹೊರಗೆ ಹೊರಟಿದ್ದ ಶಹರಬಾನು ಅವಳತ್ತ ನಕ್ಕರು. ನಗು ಅಲ್ಲಿಯೇ ನಿಂತಿತು. ಹುಡುಗಿಯ ಚಾಚಿದ ಕೈಗೂ ಎಲೆಗೂ ನಡುವೆ, ಕಲ್ಲುಕಟ್ಟೆಯ ಮೇಲೆ, ಸಣ್ಣದೊಂದು ಮಂಡಲದ ಹಾವು ಸುತ್ತಿಕೊಂಡಿತ್ತು. ಮೈಯನ್ನು ಮೈಗೆ ಉಜ್ಜುತ್ತಿತ್ತು. ಕಲ್ಲಿಗೆ ಪಾಲಿಶ್ ಪೇಪರ್ ತಿಕ್ಕಿದಂಥ ಸದ್ದು.

"ಚೀರೂ ಹಂಗಿಲ್ರಿ. ಚೀರಿದ್ರ ಕೂಸು ಕೈ ಎಳಕೋತದ, ಎಳಕೊಂಡ್ರ ಅದು ಕಚ್ತದ."

ಮಕ್ಕಳೊಂದಿಗೆ ಅವರು ದಿನವೂ ಆಡುವ ಆಟವೊಂದಿತ್ತು, ಕಲ್ಲಿನಂತೆ ಅಲುಗಾಡದೆ ಇರುವ ಆಟ.

"ಅಲ್ಮಾಸ್, ಆಟ ಆಡಮಿ ಬಾ. ಕಲ್ಲಾಗು ನೋಡಮಿ."

ಹುಡುಗಿ ಕಲ್ಲಾದಳು. ಚಾಚಿದ ಕೈ ಚಾಚಿದಂತೆಯೇ ನಿಂತಿತು. ಶಹರಬಾನು ಒಂದೊಂದೇ ಹೆಜ್ಜೆ ಹತ್ತಿರ ಹೋಗಿ ಘಮೇಲಾವನ್ನು ಬೋರಲಾಗಿ ಹಾವಿನ ಮೇಲೆ ಕವುಚಿದರು. ಎರಡೂ ಕೈಯಿಂದ ಅದುಮಿ ಹಿಡಿದರು. ಒಳಗೆ ಹಾವು ಕಬ್ಬಿಣಕ್ಕೆ ಹೊಡೆದದ್ದು ಅಂಗೈಗೆ ತಾಗಿತು.

"ಖಾಲಾ, ಇನ್ನೂ ಕಲ್ಲಾಗೇ ಇರ್ಲೇನು?" ತುಟಿಯನ್ನಷ್ಟೇ ಅಲುಗಿಸಿ ಹುಡುಗಿ ಕೇಳಿದಳು.

"ಹೂಂ ನನ್ನವ್ವಾ, ಇನ್ನಷ್ಟು ಹೊತ್ತು."

ಆಗ ಅವರು ಕೂಗಿದರು. ಸಿಸ್ಟರ್ ಓಡಿ ಬಂದು ತೂಕದ ಸಮೇತ ಮಂಚವನ್ನು ಹಿಂದಕ್ಕೆ ಎಳೆದರು. ಹಾವು ಹಿಡಿಯುವವರು ವಾಡಿಯಿಂದ ಬರಬೇಕಿತ್ತು. ಅವರು ಬರುವವರೆಗೂ ಶಹರಬಾನು ಮಳೆಯಲ್ಲಿ ನಿಂತು ಘಮೇಲಾ ಅದುಮಿಕೊಂಡೇ ಇದ್ದರು. ಬೇರೆಯವರು ಹಿಡಿಯುತ್ತೇವೆಂದರೂ ಕೊಡಲಿಲ್ಲ. ಕೈ ಬದಲಿಸುವಾಗ ಸಂದಿ ಬಿಟ್ಟರೆ ಎಂಬ ಭಯ.

ಸುದ್ದಿ ಊರೆಲ್ಲ ಹಬ್ಬಿತು. ಅಂದೇ ಸಂಜೆ ಸೇಡಂ, ಶಹಾಬಾದ್ ಕಡೆಯ ತಂದೆತಾಯಿಗಳು ಮಕ್ಕಳನ್ನು ಎತ್ತಿಕೊಂಡು ಹೊರಟರು. ಆಸ್ಪತ್ರೆ ನಡೆಸುವ ಟ್ರಸ್ಟಿನವರು ಸಭೆ ಕರೆದರು. ಅಂಗಳಕ್ಕೆ ಕಾಂಕ್ರೀಟು ಹಾಕಿ ಪ್ಲಾಸ್ಟಿಕ್ ಗಿಡ ಇಡೋಣವೆಂದರು ಕೆಲವರು. ಮಕ್ಕಳ ಡಾಕ್ಟರ್ ನಾಗರತ್ನಾ, ಬಾಗಿಲಲ್ಲಿ ನಿಂತಿದ್ದ ಶಹರಬಾನು ಅವರನ್ನು ಕೇಳಿದರು, "ನೀವೇನಂತೀರಿ?"

ತಾನು ನೆಟ್ಟ ಗಿಡಗಳ ಪರವಾಗಿ ಈಕೆ ಮಾತಾಡುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

"ಮುಚ್ಚಿಬಿಡ್ರಿ," ಎಂದರು ಶಹರಬಾನು.

ಕಾಂಕ್ರೀಟಿನ ಮಾತು ಆಮೇಲೆ ನೋಡೋಣವೆಂದು ಸದ್ಯಕ್ಕೆ ಕಿಟಕಿಗಳಿಗೆ ಪ್ಲೈವುಡ್ ಹೊಡೆದರು. ವಾರ್ಡಿನಲ್ಲಿ ಹಗಲೂ ಟ್ಯೂಬ್‌ಲೈಟು ಉರಿಯತೊಡಗಿತು. ಹಾವಿನ ಭಯ ಹೋಯಿತು. ಆದರೆ ಮಕ್ಕಳು ಬೆಚ್ಚಿ ಬೀಳುವುದು, ಸಿಸ್ಟರ್ ಬಂದರೆ ಮಂಚದ ಮೂಲೆಗೆ ಸರಿಯುವುದು ಹೆಚ್ಚಾಯಿತು. ನೆಲದ ಹೊಳೆ ಎಲ್ಲಿಗೂ ಹರಿಯದೆ ಬರೀ ಕಲ್ಲಾಗಿ ಬಿದ್ದಿತ್ತು.

ಒಂದು ಮಧ್ಯಾಹ್ನ ಶಹರಬಾನು ಹೊರಗೆ ಗಿಡಗಳಿಗೆ ನೀರು ಬಿಡುತ್ತಿದ್ದಾಗ ಪ್ಲೈವುಡ್ಡಿನ ಆಚೆ ಒಂದು ದನಿ ಕೇಳಿತು. ದಂಡೋತಿ ಊರಿನಿಂದ ತಂದು ಜ್ವರಕ್ಕೆ ಸೇರಿಸಿದ್ದ ಹುಡುಗನದು. "ಯವ್ವಾ, ಇಲ್ಲಿ ಬ್ಯಾಡ, ಮನಿಗೆ ಹೋಗಮಿ."

ಅವರ ಕೈಯಿಂದ ಪೈಪು ಜಾರಿತು. ಹಾಗೆಯೇ ಒದ್ದೆ ಕಾಲಲ್ಲಿ ಡಾಕ್ಟರ ಕೋಣೆಗೆ ಹೋದರು.

"ತೆರೀರಿ ಮೇಡಂ. ನಾ ಕಾಯ್ತೀನಿ."

"ನಾಳೆ ಮತ್ತೊಂದು ಬಂದ್ರ?"

"ಬರಂಗಿಲ್ಲ ಅಂತ ನಾ ಹೆಂಗ ಹೇಳ್ಲಿ? ಬಂದ್ರ ಮೊದ್ಲು ನನಗ ಸಿಗ್ಲಿ."

ನಾಗರತ್ನಾ ಸಂಗಮೇಶ್ವರ ಅವರಿಗೆ ಫೋನು ಹಚ್ಚಿದರು. ಅವರು ಬಂದು ಅಂಗಳದಲ್ಲಿ ಶಹರಬಾನು ಜೊತೆ ದಿನವಿಡೀ ಓಡಾಡಿದರು. ಗಿಡಗಳು ಗೋಡೆಯಿಂದ ದೂರ ಸರಿದವು. ಗೋಡೆಗೂ ಗಿಡಕ್ಕೂ ನಡುವೆ ಏನೂ ಅಡಗದಂತೆ ಅಗಲವಾಗಿ ಕಲ್ಲು ಹಾಸಲಾಯಿತು. ಸಂದುಗಳನ್ನು ಮಜೀದ ಸಿಮೆಂಟಿನಿಂದ ತುಂಬಿದರು. ಕಿಟಕಿಗಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಬಂತು.

ಮಕ್ಕಳ ಕೈಗೆ ಈಗ ಎಲೆ ಸಿಗುವುದಿಲ್ಲ. ಅದೊಂದು ನೋವು ಸಂಗಮೇಶ್ವರ ಅವರಿಗೆ ಉಳಿದಿದೆ. ಶಹರಬಾನು ಅದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಮುಂಜಾನೆಯ ಕೆಲಸ ಮುಗಿಸಿ, ಕೈ ತೊಳೆದು, ತಟ್ಟೆಯಲ್ಲಿ ಕಾಮಕಸ್ತೂರಿ, ದಾಸವಾಳ, ಹೊಂಗೆಯ ಚಿಗುರು ಹಿಡಿದು ವಾರ್ಡಿಗೆ ಬರುತ್ತಾರೆ. ಡಾಕ್ಟರು ಬೇಡವೆಂದ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಮೂಸುತ್ತಾರೆ, ಕೆನ್ನೆಗೆ ತಿಕ್ಕಿಕೊಳ್ಳುತ್ತಾರೆ. ತಟ್ಟೆಯ ಒಂದೊಂದು ಎಲೆಯನ್ನೂ ಅವರು ಮೊದಲೇ ತಿರುವಿ ಮರುವಿ ನೋಡಿರುತ್ತಾರೆ.

ರಾತ್ರಿ ಮಲಗಿದಾಗಲೂ ಆ ಪಾಲಿಶ್ ಪೇಪರಿನ ಸದ್ದು ಕೇಳುತ್ತದಂತೆ. "ಇವ್ರು ಕಲ್ಲು ತಿಕ್ಕಿದ್ರೂ ನಾ ಎದ್ದು ಹೊರಗ ಹೋಗ್ತೀನ್ರಿ," ಎಂದು ಗಂಡನತ್ತ ನೋಡಿ ನಾಚಿಕೊಳ್ಳುತ್ತಾರೆ. ಕೆಲಸ ಬಿಡಬೇಕೆನ್ನಿಸಿಲ್ಲವೇ ಎಂದರೆ, "ಭಾಳ ಸಲ ಅನಿಸ್ಯಾದ. ಬ್ಯಾರೆಯವ್ರು ಬಂದ್ರ ನನ್ನಷ್ಟು ಅಂಜ್ತಾರೋ ಇಲ್ಲೋ ಅಂತ ಬಿಟ್ಟಿಲ್ಲ."

ಈಚೆಗೆ ಅಲ್ಮಾಸ್ ಕಾಲು ತೋರಿಸಲು ಬಂದಿದ್ದಳು. ತುಸು ಕುಂಟುತ್ತ, ಆದರೆ ತನ್ನ ಕಾಲ ಮೇಲೆ ತಾನೇ. ಶಹರಬಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಷ್ಟು ದಿನ ಕೇಳಬೇಕೆಂದಿದ್ದನ್ನು ಕೇಳಿದರು. ಅವತ್ತು ಘಮೇಲಾದ ಕೆಳಗೆ ಏನಿತ್ತೆಂದು ಆಮೇಲೆ ಯಾರಾದರೂ ಹೇಳಿ ಅವಳನ್ನು ಅಂಜಿಸಿದರೇ ಎಂದು.

"ನಂಗ ಅವಾಗೇ ಗೊತ್ತಿತ್ತು ಖಾಲಾ," ಎಂದಳು ಹುಡುಗಿ. "ನೀವು ಆಟ ಅನ್ನೂಕಿಂತ ಮೊದ್ಲೇ ಹಾವು ನೋಡಿದ್ದೆ."

"ಮತ್ಯಾಕ ಚೀರಲಿಲ್ಲವ್ವಾ?"

"ನಗ್ತಿದ್ದವ್ರು ಒಮ್ಮೆಲೆ ನಗೂದು ಬಿಟ್ರಿ. ನಾ ಅತ್ರ ನೀವು ಇನ್ನೂ ಅಂಜ್ತಿದ್ರಿ."

ಇದನ್ನು ಹೇಳುವಾಗ ಶಹರಬಾನು ಮುಖ ಆಚೆ ತಿರುಗಿಸುತ್ತಾರೆ. "ಈ ಜಲ್ಮದಾಗ ನಾ ಅಂಜಬಾರ್ದು ಅಂತ ತಾ ಸುಮ್ಮನಿದ್ದದ್ದು ಅದೊಂದೇ ಕೂಸುರಿ," ಎಂದು ಎದ್ದು ಸೆರಗು ಬಿಗಿಯುತ್ತಾರೆ.