‘ಅವರು’ ಅಂದರೆ ಯಾರು?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಎರಡನೇ ಮಹಡಿಯಲ್ಲಿ ಚರಿತ್ರೆಯ ಟೀಚರ್ ಒಬ್ಬರೇ ಬೆಂಚುಗಳನ್ನೆಳೆದು ದುಂಡಗೆ ಜೋಡಿಸುತ್ತಿದ್ದಾರೆ. ಕಿಟಕಿಯಾಚೆ ರೈಲು ನಿಲ್ದಾಣ. ಇಲ್ಲಿ ಓದುವ ಮಕ್ಕಳು ಹುಟ್ಟುವ ಮೊದಲು ಅಲ್ಲಿ ಬಾಂಬ್ ಸಿಡಿದು ನೂರಾರು ಜನ ಸತ್ತರು. ವರ್ಷಕ್ಕೊಮ್ಮೆ, ಅದೇ ದಿನ, ಈ ಕೋಣೆಯಲ್ಲಿ ಪಾಠವಿಲ್ಲ, ಬರೀ ಮಾತು.

“ಸಾಲಾಗಿ ಕೂತ್ರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ಮಾತಾಡ್ತಾರೆ. ಇದು ಬೆನ್ನ ಹಿಂದೆ ಆಡೋ ಮಾತಲ್ಲ,” ಎನ್ನುತ್ತಾರೆ ಟೀಚರ್.

ಕಟ್ಟುಪಾಡು ಒಂದೇ: ‘ಅವರು’ ಎಂದವರು ಯಾರೆಂದು ಹೇಳಲೇಬೇಕು. ಅದಕ್ಕೇ ಮಕ್ಕಳಿಟ್ಟ ಅಡ್ಡಹೆಸರು ‘ಯಾರು ಟೀಚರ್’.

“ಮನೇಲೂ ಬಿಡಲ್ಲ ನಮ್ಮಕ್ಕ,” ಟೀಚರ್ ತಮ್ಮ ನಗುತ್ತಾನೆ. “ಅವರಿನ್ನೂ ನೀರು ಬಿಟ್ಟಿಲ್ಲ ಅಂದ್ರೆ, ಯಾರು ಅಂತಾಳೆ. ಹೋಗಿ ನಲ್ಲೀನೇ ಕೇಳು ಮಾರಾಯ್ತಿ ಅಂತೀನಿ.” ಬಾಂಬ್ ಸಿಡಿದಾಗ ನಿಲ್ದಾಣದಲ್ಲಿದ್ದ ಅವನಿಗೆ ಎಡಗಿವಿ ಕೇಳಿಸದು. ಅಕ್ಕ ಯಾವಾಗಲೂ ಬಲಕ್ಕೇ ಕೂರುತ್ತಾರೆ.

ಹಳೇ ಗಾಯ ಕೆದಕುತ್ತೀರೆಂದು ಪೋಷಕರು ಜಗಳಕ್ಕೆ ಬಂದದ್ದುಂಟು. ಈ ವರ್ಷದ ಕಷ್ಟ ಬೇರೆ. ಬಾಂಬ್ ಇಟ್ಟ ನಾಲ್ವರ ಧರ್ಮವೇ ಒಬ್ಬ ಹುಡುಗಿಯ ಮನೆಯದೂ. ಸಹಪಾಠಿಯೊಬ್ಬ ಮೆಟ್ಟಿಲ ಮೇಲೆ “ನಿಮ್ಮೋರೇ ಅಲ್ವಾ?” ಎಂದಿದ್ದ.

“ನಾಳೆ ಬರಲ್ಲ ಟೀಚರ್, ಹೊಟ್ಟೆನೋವು,” ಎಂದಳು ಹುಡುಗಿ ನಿನ್ನೆ.

“ನಾಳೆ ಹೊಟ್ಟೆನೋವು ಇವತ್ತೇ ಹೇಳಿ ಕಳಿಸ್ತಾ? ಬಾ ಮಗಳೇ. ಬಾಗಿಲ ಹತ್ರ ಬೆಂಚು ಹಾಕಿರ್ತೀನಿ. ಎದ್ದು ಹೋದ್ರೆ ಯಾಕೆ ಅಂತ ಕೇಳಲ್ಲ.”

ಗಂಟೆ ಬಾರಿಸಿದೆ. ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಹುಡುಗಿ ಕೂತಿದ್ದಾಳೆ, ಚೀಲ ಹೆಗಲಲ್ಲೇ ಇದೆ.

“ಅವರೇ ಟೀಚರ್, ಇಟ್ಟಿದ್ದು,” ಮೆಟ್ಟಿಲ ಮೇಲೆ ಹಾಗೆಂದಿದ್ದ ಹುಡುಗನೇ ಶುರುಮಾಡುತ್ತಾನೆ.

“ಯಾರು?”

“ಅವರೇ... ಆ ಜನ.”

“ಎಷ್ಟು ಜನ?”

“ನಾಲ್ಕು.”

“ಹಾಗೇ ಹೇಳಪ್ಪ.”

“ನಾಲ್ಕು ಜನ ಇಟ್ರು.”

ಹುಡುಗಿ ಎದ್ದು ನಿಲ್ಲುತ್ತಾಳೆ. ಟೀಚರ್ ಬಾಗಿಲಿನತ್ತ ನೋಡುವುದಿಲ್ಲ. ಹುಡುಗಿ ಹೋಗುವುದೂ ಇಲ್ಲ.

“ಟೀಚರ್, ಆ ನಾಲ್ಕು ಜನಾನೂ ‘ಅವರನ್ನ ಕೊಲ್ಬೇಕು’ ಅಂದಿರ್ತಾರಲ್ವಾ? ಆಗ ಒಬ್ಬರಾದ್ರೂ ‘ಯಾರನ್ನ’ ಅಂತ ಕೇಳ್ಲಿಲ್ವಾ?”

ಇಷ್ಟು ವರ್ಷ ‘ಯಾರು’ ಎಂದು ಕೇಳುತ್ತಲೇ ಬಂದ ಟೀಚರ್ ಪಕ್ಕದ ಬೆಂಚಿನಲ್ಲಿ ಮೆಲ್ಲಗೆ ಕೂರುತ್ತಾರೆ. “ಗೊತ್ತಿಲ್ಲಮ್ಮ,” ಎನ್ನುತ್ತಾರೆ.

ಮಾತು ಮುಗಿದ ಮೇಲೆ ಬೆಂಚುಗಳು ಮತ್ತೆ ಸಾಲಿಗೆ ಬರುತ್ತವೆ. ಬಾಗಿಲ ಬಳಿಯದರ ಒಂದು ತುದಿ ಹಿಡಿದ ಅದೇ ಹುಡುಗ, “ಆ ಕಡೆ ಎತ್ತೇ, ನನ್ನೊಬ್ಬನ ಕೈಲಾಗಲ್ಲ,” ಎನ್ನುತ್ತಾನೆ. ಹುಡುಗಿ ಚೀಲ ಕೆಳಗಿಡುತ್ತಾಳೆ.

ಟೀಚರ್ ಅದನ್ನೇ ನೋಡುತ್ತಾರೆ. “ಮುಂದಿನ ವರ್ಷ ಯಾರಿಗೂ ಬಾಗಿಲ ಹತ್ರ ಬೆಂಚು ಹಾಕೋ ಹಾಗಾಗ್ಬಾರ್ದು. ನಂಗೆ ಅಷ್ಟೇ ಸಾಕು.”