ಗೇರುಬೀಜ ಕಾರ್ಖಾನೆಯಲ್ಲಿ ಕಂಡ ಅಂತರ್ಯುದ್ಧ

ಕೋವಿಡ್ ಮುಗಿದ ಮರುವರ್ಷ ನಾನು ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗದ ಮುಖ್ಯಸ್ಥನಾಗಿದ್ದೆ. ನಮ್ಮ ಕಚ್ಚಾ ಬೀಜದ ಬಹುಪಾಲು ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಪಣಂಬೂರು ಬಂದರಿಗೆ ಬರುತ್ತಿತ್ತು. ಹಾಗೆ ಬೀಜ ಕಳಿಸುತ್ತಿದ್ದ ಒಂದು ದೇಶ, ಹಿಂದೆ ಫ್ರೆಂಚರ ವಸಾಹತು, ತನ್ನಲ್ಲೇ ಕಾರ್ಖಾನೆ ಕಟ್ಟಲು ಹೊರಟಿತ್ತು. ಅಲ್ಲಿಂದ ಇಸ್ಸಾ, ಕೊಫಿ ಎಂಬ ಇಬ್ಬರು ತರಬೇತಿಗೆ ಬಂದರು. ಅವರಲ್ಲಿ ಒಬ್ಬನನ್ನು ಅಲ್ಲಿಯ ಸೂಪರ್‌ವೈಸರ್ ಹುದ್ದೆಗೆ ನಾನು ಸೂಚಿಸಬೇಕಿತ್ತು.

ಅವರು ಹುಡುಗರಾಗಿದ್ದಾಗ ಆ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತೆಂದು ಕೇಳಿದ್ದೆ. ಇಲ್ಲಿ ಮಾತ್ರ ಕಾವೂರಿನ ಒಂದೇ ಕೋಣೆಯಲ್ಲಿದ್ದು, ಒಂದೇ ಪಾತ್ರೆಯಲ್ಲಿ ಬೇಯಿಸಿ ಉಂಡು, ನಗುನಗುತ್ತ ಕೆಲಸಕ್ಕೆ ಬರುತ್ತಿದ್ದರು. ಬೀಜವನ್ನು ಹಬೆಯಲ್ಲಿ ಬೇಯಿಸುವ ಹದ ಇಸ್ಸಾನಿಗೆ ಬೇಗ ಕೈವಶವಾಯಿತು. ಹದ ತಪ್ಪಿದರೆ ಸಿಪ್ಪೆಯ ಜೊತೆ ತಿರುಳೂ ಒಡೆದು ಮಾಲು ಕೆಡುತ್ತದೆ. ಹಾಗಾಗಿ ಇಸ್ಸಾನನ್ನೇ ಸೂಚಿಸುತ್ತೇನೆಂದು ಇಬ್ಬರಿಗೂ ಹೇಳಿದೆ.

ಮರುದಿನ ಕೊಫಿ ಒಬ್ಬನೇ ನನ್ನ ಕೋಣೆಗೆ ಬಂದ.

“ಅವನು ಬೇಡ ಸರ್. ಕೆಲಸದಲ್ಲಿ ಅವನೇ ಜಾಣ. ಆದರೆ ನಮ್ಮೂರಿನವರು ಅವನ ಕೈಕೆಳಗೆ ದುಡಿಯುವುದಿಲ್ಲ, ಕಾರ್ಖಾನೆಗೆ, ಅವನ ಮನೆಗೆ ಬೆಂಕಿ ಇಡುತ್ತಾರೆ. ಊರೇ ಹೊರಟರೆ ನಾನೂ ಅವರ ಜೊತೆ ಹೋಗಬೇಕಾಗುತ್ತದೆ.”

ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಕಾರಣ ಕೇಳಿದ್ದಕ್ಕೆ ನಿಧಾನವಾಗಿ ವಿವರಿಸಿದ. ಬಿಳಿಯರು ತೋಟದ ಕೂಲಿಗೆಂದು ಉತ್ತರದ ಒಣನಾಡಿನ ಜನರನ್ನು ದಕ್ಷಿಣಕ್ಕೆ ತಂದಿದ್ದರು. ಸ್ವಾತಂತ್ರ್ಯ ಬಂದ ಮೇಲೆ, ದುಡಿದವನಿಗೇ ಭೂಮಿ ಎಂದಿತು ಸರಕಾರ. ಹಾಗೆ ಬಂದ ಇಸ್ಸಾನ ಅಜ್ಜ ಗಿಡ ನೆಟ್ಟದ್ದು ಕೊಫಿಯ ಅಜ್ಜನ ನೆಲದಲ್ಲಿ. ಮುಂದೆ ಬೆಳೆಯ ಬೆಲೆ ಬಿತ್ತು, ಮಕ್ಕಳಿಗೆ ಹಂಚಲು ನೆಲ ಸಾಲಲಿಲ್ಲ. ಆಗ ಬಂದ ನಾಯಕರು ಮಾತು ತಿರುಗಿಸಿ, ಮೂಲನಿವಾಸಿಗೆ ಮಾತ್ರ ಭೂಮಿ ಎಂದರು. ಅಲ್ಲೇ ಹುಟ್ಟಿದ ಇಸ್ಸಾನ ಮನೆಯವರು ರಾತ್ರಿ ಬೆಳಗಾಗುವುದರೊಳಗೆ ಪರದೇಶಿಗಳಾದರು. ಅಂತರ್ಯುದ್ಧ ಹುಟ್ಟಿದ್ದು ಅಲ್ಲಿಂದಲೇ.

ನಾನು ನೇರ ಮ್ಯಾನೇಜರ್ ಜಗನ್ನಾಥಣ್ಣನ ಬಳಿ ಹೋದೆ. ಒಂದು ಕಾಲದಲ್ಲಿ ನಾವು ಅವರ ಮನೆಯ ಒಕ್ಕಲು. ಎಪ್ಪತ್ತರ ದಶಕದ ಭೂಸುಧಾರಣೆಯಲ್ಲಿ ನನ್ನಪ್ಪ ಡಿಕ್ಲರೇಶನ್ ಕೊಟ್ಟು, ಎಂದರೆ ಉಳುವ ಗದ್ದೆ ತನ್ನದೆಂದು ಅರ್ಜಿ ಹಾಕಿ, ಗೆದ್ದಿದ್ದರು. ನಾವಿಬ್ಬರೂ ಆ ವಿಷಯ ಎತ್ತಿದ್ದೇ ಇಲ್ಲ.

“ಎಂಥ ಜನ ಜಗನ್ನಾಥಣ್ಣ! ಒಟ್ಟಿಗೆ ಉಣ್ಣುತ್ತಾರೆ, ಬೆಂಕಿ ಇಡುವ ಮಾತಾಡುತ್ತಾರೆ!” ಎಂದು ಕೂಗಾಡಿ, ಕೊಫಿ ಹೇಳಿದ್ದನ್ನೆಲ್ಲ ತಿಳಿಸಿದೆ.

ಅವರು ಕನ್ನಡಕ ತೆಗೆದಿಟ್ಟರು. “ಅಂಥದ್ದು ಅವರಲ್ಲಿ ಮಾತ್ರ ಉಂಟಾ ಮಾರಾಯ? ನಿನ್ನಪ್ಪ ಡಿಕ್ಲರೇಶನ್ ಕೊಟ್ಟ ದಿನ ನನ್ನಪ್ಪ ಕತ್ತಿ ಹಿಡ್ಕೊಂಡು ನಿಮ್ಮ ಮನೆಗೇ ಹೊರಟದ್ದು. ನಾನು ಕಣ್ಣಾರೆ ನೋಡಿದ್ದೇನೆ.”

ವರ್ಷಗಟ್ಟಲೆ ನಾನು ಮಧ್ಯಾಹ್ನದ ಊಟ ಮಾಡಿದ್ದು ಇವರೆದುರೇ. “ಮತ್ತೆ ಎಂತ ಆಯ್ತು?” ಎಂದೆ.

“ಅಮ್ಮ ಬಾಗಿಲಿಗೆ ಅಡ್ಡ ನಿಂತ್ರು. ಆಮೇಲೆ ಅಪ್ಪ ಲ್ಯಾಂಡ್ ಟ್ರಿಬ್ಯುನಲ್‌ಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದ್ರು, ಸೋತ್ರು, ಬಂದು ಮಲಗಿದ್ರು. ಸರಕಾರ ಪುನಃ ಮಾತು ತಿರುಗಿಸಿ ಗದ್ದೆ ನಮ್ಮದೇ ಅಂದಿದ್ರೆ ಎಂತ ಆಗ್ತಿತ್ತೋ, ನಂಗೆ ಗೊತ್ತಿಲ್ಲ.”

ಇಸ್ಸಾನನ್ನು ಕರೆಸಿದೆ. ಯಾರಿಗೂ ಹೆದರಬೇಡ, ಹುದ್ದೆ ನಿನ್ನದೇ ಎಂದೆ. ಅವನು ಒಲ್ಲೆನೆಂದು ತಲೆಯಾಡಿಸಿದ.

“ಕೊಫಿಯ ಹೆಸರು ಕಳಿಸಿ ಸರ್. ಅಲ್ಲಿ ನನ್ನ ಹೆಂಡತಿ ಮಕ್ಕಳಿದ್ದಾರೆ. ಬೇಡವೆನ್ನಲು ನನಗೆ ನಾಚಿಕೆಯಾಯಿತು. ನಿಮ್ಮ ಹತ್ತಿರ ಅವನನ್ನು ಕಳಿಸಿದ್ದೇ ನಾನು.”

ಕೊಫಿಯ ಹೆಸರನ್ನೇ ಕಳಿಸಿದೆ. ಅಂತರ್ಯುದ್ಧವೆಂದರೆ ಒಬ್ಬರನ್ನೊಬ್ಬರು ದ್ವೇಷಿಸುವವರ ಜಗಳವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಪರಸ್ಪರ ಜೀವಕ್ಕೆ ಜೀವ ಕೊಡುವ ಇಬ್ಬರು, ಊರಿಗೆ ಮರಳಿದ ಮೇಲೆ ಒಬ್ಬನು ಇನ್ನೊಬ್ಬನ ಮನೆ ಸುಡಬೇಕಾದೀತೆಂದು ಮೊದಲೇ ಕೂತು ಮಾತಾಡಿಕೊಂಡಿದ್ದರು. ಗುಂಡಿನ ಸದ್ದು ನಿಂತು ಎಷ್ಟೋ ವರ್ಷವಾಗಿದ್ದರೂ ಅವರ ಪಾಲಿಗೆ ಆ ಯುದ್ಧ ಮುಗಿದಿರಲಿಲ್ಲ.