ಕೆತ್ತನೆಯ ತಗಡಿನ ಹಿಂದೆ

ಖಂಡೇನವಮಿಯ ದಿನ ದಹಿಸರಿನ ಅಣ್ಣನ ಮನೆಯಲ್ಲಿ ಬಂದೂಕಿನ ಪೂಜೆ. ಅದನ್ನು ಒದ್ದೆ ಬಟ್ಟೆಯಿಂದ ತೊಳೆದು ಒರೆಸುವುದು ಪ್ರತಿವರ್ಷ ನನ್ನ ಕೆಲಸ. ಅದಕ್ಕಾಗಿಯೇ ಸಯನ್‌ನಿಂದ ಬೆಳಿಗ್ಗೆ ಲೋಕಲ್ ಹಿಡಿದು ಹೋಗುತ್ತಿದ್ದೆ. ಬೆಳಗಾವಿ ಕಡೆಯ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಅಣ್ಣ ಲೈಸೆನ್ಸ್ ಮಾಡಿಸಿ, ಹಳೆಯ ವಾಡೆಯೊಂದರಿಂದ ಆರಿಸಿ ತಂದ ಜೋಡುನಳಿಗೆ ಅದು. ಹೊಲ ಮಾರಿದ ಮೇಲೆ ಅದೂ ಮುಂಬೈಗೆ ಬಂತು.

"ನೋಡೋ ತಮ್ಮಾ, ನೇರ ಹಿಡಿಕಿ, ಎರಡು ಟ್ರಿಗರ್, ಬದಿಗೆ ಬಳ್ಳಿ ಕೆತ್ತನಿ. ಇಷ್ಟ ಇದ್ರ ಕಣ್ಣ ಮುಚ್ಚಿ ತಗೋಬೇಕು," ಎಂದ ಅಣ್ಣ ಈ ಸಲವೂ.

"ಹೆಂಡ್ತಿಗೊಂದು ಸರಾ ಇಲ್ಲ, ಬಂದೂಕಿಗೆ ನೋಡ್ರಿ ಸಿಂಗಾರ," ಎಂದರು ಅತ್ತಿಗೆ.

"ಅದು ನಿನ್ನಂಗ ಎದುರ ಮಾತಾಡೂದಿಲ್ಲ."

ಎಲ್ಲರೂ ನಕ್ಕೆವು. ನಾನು ಕೆತ್ತನೆಯ ಸಂದುಗಳಿಗೆಲ್ಲ ಕುಂಕುಮದ ನೀರು ಹಚ್ಚಿದೆ. ಮರುದಿನ ಬೆಳಿಗ್ಗೆ ಅಣ್ಣ ಚಹಾದ ಕಪ್ಪು ಕೈಯಲ್ಲಿ ಹಿಡಿದಂತೆಯೇ ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕನ್ನು ಮನೆಯಲ್ಲಿ ಇಡುವಂತಿಲ್ಲ. ಪೊಲೀಸರಿಗೆ ತಿಳಿಸಿ, ಫೋರ್ಟ್ ಕಡೆಯ ಒಂದು ಬಂದೂಕಿನ ಅಂಗಡಿಯಲ್ಲಿ ಒಪ್ಪಿಸಿದ್ದೆವು. ನನ್ನ ಹೆಸರಿಗೆ ಮಾಡಿಸಿಕೊಳ್ಳುವುದೋ ಬಿಟ್ಟುಕೊಡುವುದೋ ನಾನು ಹೇಳಬೇಕಿತ್ತು. ಅಣ್ಣ ಆರಿಸಿದ್ದು ಕೆಟ್ಟದ್ದಿರಲು ಸಾಧ್ಯವಿಲ್ಲ, ಮಾಡಿಸಿಕೊಳ್ಳುತ್ತೇನೆ ಎಂದುಕೊಂಡೇ ಹೋದೆ.

ಅಂಗಡಿಯ ಹಳೆಯ ಕೆಲಸಗಾರ ವಿಜಯಪುರದವರು. ಅಣ್ಣ ಹೇಳುತ್ತಿದ್ದುದನ್ನೆಲ್ಲ ಅವರಿಗೆ ಒಪ್ಪಿಸಿದೆ. ಅವರು ಬದಿಯ ಕೆತ್ತನೆಯ ತಗಡನ್ನು ಬಿಚ್ಚಿದರು. ಹಿಂದೆ ಏನೂ ಇರಲಿಲ್ಲ. ಬರೀ ಕಟ್ಟಿಗೆ.

"ಇಲ್ಲಿ ಲಾಕ್, ಅಂದ್ರ ಗುಂಡು ಹಾರಸೂ ಯಂತ್ರ ಇರಬೇಕಿತ್ರಿ. ಇದರಾಗ ಅದು ನಡುವ ಐತಿ. ಇದು ಬರೇ ಸೋಗು," ಎಂದರು.

"ಅಂದ್ರ ಬಂದೂಕು ಖೊಟ್ಟಿ?"

"ಹಂಗ ಅನ್ನಬ್ಯಾಡ್ರಿ. ಸೋಗಿನ ತಗಡ ಇದ್ದೂ ಛಲೋ ಇದ್ದಾವು ಭಾಳ ನೋಡೀನಿ. ನೇರ ಹಿಡಿಕಿಗೂ ಅರ್ಥ ಐತಿ, ಒಂದು ಟ್ರಿಗರಿನಿಂದ ಇನ್ನೊಂದಕ್ಕ ಕೈ ಸಲೀಸ ಜಾರತೈತಿ. ಆದ್ರ ಅದನ್ನ ಯಾರ ಬೇಕಾದ್ರೂ ನಕಲ ಮಾಡಬಹುದು. ನಳಿಗಿ ಕೂಡಿಕೆ ನೋಡಬೇಕ್ರಿ. ನಳಿಗಿ ದನಿ ಕೇಳಬೇಕು."

ನಳಿಗೆಗಳನ್ನು ಬಿಡಿಸಿ, ಒಂದು ಬೆರಳಿಗೆ ತೂಗುಹಾಕಿ, ಕಟ್ಟಿಗೆಯ ತುಂಡಿನಿಂದ ಬಡಿದರು. ಬೆಸುಗೆ ಗಟ್ಟಿ ಇದ್ದರೆ ಗಂಟೆಯಂತೆ ನಾದ ಬರಬೇಕಂತೆ. ಒಡೆದ ಮಡಕೆಯ ಸದ್ದು ಬಂತು.

"ಎರಡೂ ನಳಿಗಿ ನಡುವಿನ ಪಟ್ಟಿ ಒಳಗಿಂದ ತುಕ್ಕ ತಿಂದು ಬಿಟ್ಟೈತಿ. ನೀರು ಇಳದದ. ಪೂಜಾದ್ದು."

ತೊಳೆಯುತ್ತಿದ್ದವನು ನಾನೇ ಎಂದೆ.

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ನೀವ ಏನ್ರಿ ಆ ತಮ್ಮ? ಹ್ವಾದ ವರ್ಷ ಅಣ್ಣಾರು ತಂದಿದ್ರು. ಎಲ್ಲಾ ಹೇಳಿದ್ದೆ. ಸೋಗಿನ ಮಾತಿಗೆ ನಕ್ಕರು. ತುಕ್ಕಿನ ಮಾತಿಗೆ ಮಾತ್ರ, ತಮ್ಮಗ ಗೊತ್ತಾಗೂದು ಬ್ಯಾಡ್ರಿ, ಭಾಳ ಪ್ರೀತಿಲೆ ತೊಳೀತಾನ ಅಂದ್ರು."

ಅಣ್ಣನಿಗೆ ಇಡೀ ವರ್ಷ ಗೊತ್ತಿತ್ತು. ಗೊತ್ತಿದ್ದೂ ಈ ಸಲ ನೀರಿನ ತಂಬಿಗೆಯನ್ನು ತಾನೇ ತಂದು ನನ್ನ ಮುಂದಿಟ್ಟಿದ್ದ. ಕೆಲಸಗಾರರು ತರಿಸಿದ ಚಹಾ ಆರಿ ಕೆನೆ ಕಟ್ಟಿತ್ತು.

ಬಂದೂಕನ್ನು ಬಿಟ್ಟುಕೊಡುವ ಅರ್ಜಿಗೆ ಸಹಿ ಹಾಕಿದೆ. ಸಂಜೆ ಅತ್ತಿಗೆ ಫೋನಿನಲ್ಲಿ, "ಅಂಗಡ್ಯಾವರು ಛಲೋ ಮಾಲ್ ಅಂದ್ರೇನ್ರಿ?" ಎಂದು ಕೇಳಿದರು.

"ಛಲೋ ಅಂದ್ರು ವೈನಿ," ಎಂದೆ.

ಅಣ್ಣ ನನ್ನನ್ನು ಒಮ್ಮೆ ಬಯ್ಯಬೇಕಾಗಿತ್ತು. ಬಯ್ಯಲಿಲ್ಲ.